ಪ್ರೈಮರಿಲಿ ಮುಂದಿರೋರು ಗೆಲ್ಲೋ ಕೂಟ ಕಟ್ತಾರಾ? ಅವರ ಮೂವತ್ತಕ್ಕಿಂತ ಉಳಿದ ಎಪ್ಪತ್ತನ್ನ ನೋಡಿ

ಪ್ರಶ್ನೆ: ಸರ್, ನಾನು ನ್ಯೂಜೆರ್ಸಿಲಿ ಇದೀನಿ, ಈಗಷ್ಟೇ ಸಿಟಿಜನ್‌ಶಿಪ್ ಬಂತು, ಮುಂದಿನ ಪ್ರೈಮರಿಲಿ ಮೊದಲ ಸಲ ವೋಟ್ ಹಾಕ್ತೀನಿ. ಒಂದು ವಿಷಯ ನಂಗೆ ಅರ್ಥನೇ ಆಗಿಲ್ಲ. 2020ರಲ್ಲಿ ಡೆಮಾಕ್ರಟ್‌ಗಳ ಪ್ರೈಮರಿಲಿ ಬರ್ನಿ ಸ್ಯಾಂಡರ್ಸ್ ನೆವಾಡಾ ಗೆದ್ದ ದಿನ ಟಿವಿಯವರೆಲ್ಲ ಇನ್ನು ಇವರೇ ಅಭ್ಯರ್ಥಿ ಅನ್ನೋ ಹಂಗೆ ಮಾತಾಡಿದ್ರು, ಹತ್ತೇ ದಿನಕ್ಕೆ ಬೈಡನ್ ಮುಂದೆ ಹೋಗ್ಬಿಟ್ರು. ಅದೇ 2016ರಲ್ಲಿ ಟ್ರಂಪ್ ಮೂವತ್ತು ಮೂವತ್ತೈದು ಪರ್ಸೆಂಟಲ್ಲೇ ಇದ್ಕೊಂಡು ಟಿಕೆಟ್ಟೂ ತಗೊಂಡ್ರು, ಪ್ರೆಸಿಡೆಂಟೂ ಆದ್ರು. ಹಾಗಿದ್ರೆ ಫ್ರಂಟ್‌ರನ್ನರ್ ಒಬ್ಬರು ಗೆಲ್ಲೋವಷ್ಟು ಜನಾನ ಕೂಡಿಸ್ತಾರಾ ಇಲ್ವಾ ಅಂತ ಮೊದಲೇ ತಿಳ್ಕೊಳೋದು ಹೇಗೆ?

ಉತ್ತರ: ತುಂಬಾ ಒಳ್ಳೇ ಪ್ರಶ್ನೆ ಕೇಳಿದೀರ, ಮತ್ತೆ ನೀವು ಆರಿಸಿರೋ ಎರಡು ಉದಾಹರಣೆನೇ ಇದನ್ನ ಅರ್ಥ ಮಾಡ್ಕೊಳೋಕೆ ಎಲ್ಲಕ್ಕಿಂತ ಸರಿಯಾದ ಜೋಡಿ. ನೇರವಾಗಿ ಹೇಳ್ಬಿಡ್ತೀನಿ, ಮೂವತ್ತು ಪರ್ಸೆಂಟ್ ಇಟ್ಕೊಂಡು ಮುಂದಿರೋವ್ರು ಗೆಲ್ತಾರಾ ಅನ್ನೋದನ್ನ ಆ ಮೂವತ್ತನ್ನ ನೋಡಿ ಹೇಳೋಕಾಗಲ್ಲ, ಉಳಿದ ಎಪ್ಪತ್ತನ್ನ ನೋಡ್ಬೇಕು. ಆ ಎಪ್ಪತ್ತು ಕೊನೇವರೆಗೂ ಹರಿದು ಹಂಚಿಹೋಗಿರುತ್ತಾ ಇಲ್ಲಾ ಯಾರೋ ಒಬ್ಬರ ಹಿಂದೆ ಸೇರ್ಕೊಳುತ್ತಾ, ಸೇರ್ಕೊಳೋಕೆ ಟೈಮ್ ಇದ್ಯಾ, ಅಲ್ಲಿನ ರೂಲ್ಸ್ ಪ್ರಕಾರ ಗೆಲ್ಲೋಕೆ ಎಷ್ಟು ವೋಟ್ ಸಾಕು, ಮತ್ತೆ ಮುಂದಿರೋ ವ್ಯಕ್ತಿ ಆ ಎಪ್ಪತ್ತರ ಮನೆ ಬಾಗಿಲಿಗೆ ಹೋಗಿ ಕೇಳ್ತಾರಾ. ಕೊನೇದನ್ನ ನಾನು ಎಲ್ಲಕ್ಕಿಂತ ಜಾಸ್ತಿ ಲೆಕ್ಕಕ್ಕೆ ತಗೋತೀನಿ, ಯಾಕೆ ಅಂತ ಮುಂದೆ ಹೇಳ್ತೀನಿ.

ಊರಲ್ಲಿ ಕೂತು ಓದ್ತಿರೋರಿಗೆ ಒಂದೆರಡು ಮಾತು. ನಮ್ಮಲ್ಲಿ ಟಿಕೆಟ್ ಹೈಕಮಾಂಡ್ ಕೊಡುತ್ತೆ, ಬಿ ಫಾರಂ ಯಾರ ಕೈಗೆ ಅನ್ನೋದು ಪಕ್ಷದ ಆಫೀಸಲ್ಲಿ ತೀರ್ಮಾನ ಆಗುತ್ತೆ. ಅಮೆರಿಕಾದಲ್ಲಿ ಆ ಬಿ ಫಾರಂ ಕೊಡೋದು ಪಕ್ಷದ ಸಾಮಾನ್ಯ ಮತದಾರರು, ಅದಕ್ಕೇ ಪ್ರೈಮರಿ ಅನ್ನೋದು. ಪ್ರೆಸಿಡೆಂಟ್ ಪ್ರೈಮರಿ ಒಂದೇ ದಿನ ನಡೆಯಲ್ಲ, ವರ್ಷದ ಶುರುಲಿ ಹೊರಟು ಜೂನ್‌ವರೆಗೂ ಒಂದೊಂದೇ ರಾಜ್ಯ ಮಾಡ್ತಾ ಹೋಗುತ್ತೆ, ಪ್ರತಿ ರಾಜ್ಯದಲ್ಲೂ ಡೆಲಿಗೇಟ್‌ಗಳು, ಅಂದ್ರೆ ಸಮಾವೇಶದಲ್ಲಿ ಅಭ್ಯರ್ಥಿ ಪರ ವೋಟ್ ಹಾಕೋ ಪ್ರತಿನಿಧಿಗಳು, ಸಿಗ್ತಾರೆ, ಕೊನೆಗೆ ಪಕ್ಷದ ಸಮಾವೇಶದಲ್ಲಿ ಆ ಡೆಲಿಗೇಟ್‌ಗಳ ಬಹುಮತ ಯಾರಿಗಿದೆಯೋ ಅವರೇ ಅಭ್ಯರ್ಥಿ. 2020ರಲ್ಲಿ ಡೆಮಾಕ್ರಟ್‌ಗಳದ್ದು ಜನರ ವೋಟಿಂದ ಆಯ್ಕೆ ಆಗೋ ಡೆಲಿಗೇಟ್‌ಗಳು 3,979, ಮೊದಲ ಸುತ್ತಲ್ಲೇ ಗೆಲ್ಲೋಕೆ ಬೇಕಿದ್ದಿದ್ದು 1,991. ಎಲ್ಲರಿಗಿಂತ ಮುಂದಿದ್ರೆ ಸಾಲಲ್ಲ, ಅರ್ಧ ದಾಟ್ಬೇಕು. ಲಾಸ್ ವೇಗಸ್‌ನಲ್ಲಿ ಫೆಬ್ರವರಿ 19ರ ಡಿಬೇಟಲ್ಲಿ ಇದನ್ನೇ ಕೇಳಿದ್ರು, ಬಹುಮತ ಯಾರಿಗೂ ಬರದೆ ಒಬ್ಬರು ಮುಂದಿದ್ರೆ ಅವರಿಗೇ ಟಿಕೆಟ್ ಕೊಡ್ಬೇಕಾ ಅಂತ. ವೇದಿಕೆ ಮೇಲಿದ್ದ ಆರು ಜನದಲ್ಲಿ ಹೌದು ಅಂದಿದ್ದು ಸ್ಯಾಂಡರ್ಸ್ ಒಬ್ಬರೇ. ಉಳಿದ ಐದೂ ಜನ ಒಂದೇ ಉತ್ತರ ಕೊಟ್ಟಿದ್ದು ನೋಡಿದಾಗಲೇ ನಂಗೆ ಅನ್ಸಿತ್ತು, ಈ ಮನುಷ್ಯನ ಪಕ್ಕ ನಿಲ್ಲೋಕೆ ಯಾರೂ ತಯಾರಿಲ್ಲ ಅಂತ.

ಈಗ ನೆವಾಡಾ, ಫೆಬ್ರವರಿ 22. ಹೆಡ್‌ಲೈನ್ ಏನಿತ್ತು? ಸ್ಯಾಂಡರ್ಸ್‌ಗೆ ಹೆಚ್ಚುಕಮ್ಮಿ 47%, ಬೈಡನ್‌ಗೆ 20%. ಇದನ್ನ ನೋಡಿದ ಯಾರಿಗಾದ್ರೂ ಮುಗೀತು ಅನ್ಸುತ್ತೆ. ಆದ್ರೆ ಆ 47 ಎಲ್ಲಿಂದ ಬಂತು ಅಂತ ಸ್ವಲ್ಪ ಹತ್ರದಿಂದ ನೋಡೋಣ, ಯಾಕಂದ್ರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ. ನೆವಾಡಾದಲ್ಲಿ ಆಗ ಇದ್ದಿದ್ದು ಕಾಕಸ್. ಅಂದ್ರೆ ಜನ ಶಾಲೆಗಳಲ್ಲೋ ಯೂನಿಯನ್ ಹಾಲ್‌ಗಳಲ್ಲೋ ಸೇರ್ತಾರೆ, ಲಾಸ್ ವೇಗಸ್ ಸ್ಟ್ರಿಪ್‌ನ ಕೆಲಸಗಾರರಿಗೆ ಅಂತ ಕ್ಯಾಸಿನೋ ಹೋಟೆಲ್‌ಗಳ ಒಳಗೇ ಜಾಗ ಮಾಡಿರ್ತಾರೆ, ಹೋಟೆಲ್ ರೂಮ್ ಕ್ಲೀನ್ ಮಾಡೋರು, ಅಡುಗೆಯವರು ಎಲ್ಲ ಯೂನಿಫಾರ್ಮಲ್ಲೇ ಬಂದು ತಮ್ಮ ಅಭ್ಯರ್ಥಿ ಗುಂಪಲ್ಲಿ ಹೋಗಿ ನಿಲ್ತಾರೆ. ಮೊದಲೇ ಬಂದು ಒಂದನೇ ಆಯ್ಕೆ ಎರಡನೇ ಆಯ್ಕೆ ಅಂತ ಬರೆದುಕೊಟ್ಟು ಹೋದೋರೂ ಆ ವರ್ಷ ತುಂಬಾ ಜನ ಇದ್ರು. ಮೊದಲ ಎಣಿಕೆ ಆದ್ಮೇಲೆ ಯಾವ ಗುಂಪಲ್ಲಿ 15% ಇಲ್ವೋ ಆ ಗುಂಪು ಸಾಮಾನ್ಯವಾಗಿ ಔಟ್, ಅದರಲ್ಲಿದ್ದೋರು ಬೇರೆ ಗುಂಪಿಗೆ ಹೋಗ್ಬೇಕು ಇಲ್ಲಾ ಮನೆಗೆ ಹೋಗ್ಬೇಕು. ಆಮೇಲೆ ಎರಡನೇ ಎಣಿಕೆ. ಅದಾದ್ಮೇಲೆ ಅದನ್ನ ಕೌಂಟಿ (ನಮ್ಮ ಜಿಲ್ಲೆ ಥರ) ಡೆಲಿಗೇಟ್ ಲೆಕ್ಕಕ್ಕೆ ಪರಿವರ್ತನೆ ಮಾಡ್ತಾರೆ.

ಸ್ಯಾಂಡರ್ಸ್‌ಗೆ ಮೊದಲ ಎಣಿಕೆಲಿ ಸಿಕ್ಕಿದ್ದು 34%. ಎರಡನೇ ಎಣಿಕೆಲಿ 40% ಚಿಲ್ಲರೆ. ಕೌಂಟಿ ಡೆಲಿಗೇಟ್ ಲೆಕ್ಕದಲ್ಲಿ 47%. ಟಿವಿಲಿ ಬಂದಿದ್ದು ಮೂರನೇ ನಂಬರು. ರೂಲ್ಸು ಚಿಕ್ಕ ಚಿಕ್ಕ ಗುಂಪುಗಳನ್ನ ಅಳಿಸಿಹಾಕಿ ಮುಂದಿರೋವ್ರನ್ನ ಊದಿ ದೊಡ್ಡದು ಮಾಡಿ ತೋರಿಸ್ತು. ಮನಸ್ಸಾರೆ ಮೊದಲ ಆಯ್ಕೆ ಅಂತ ಸ್ಯಾಂಡರ್ಸ್ ಹೆಸರು ಹೇಳಿದ್ದು ಮೂರರಲ್ಲಿ ಒಬ್ಬರು, ಉಳಿದ ಇಬ್ಬರು ಬೈಡನ್, ಬೂಟಿಜೆಜ್, ವಾರನ್, ಸ್ಟೇಯರ್, ಕ್ಲೋಬುಚಾರ್ ಅಂತ ಹಂಚಿಹೋಗಿದ್ರು. ಹಾಗಂತ ಅವರ ಗೆಲುವು ಸುಳ್ಳು ಅಂತ ನಾನು ಹೇಳ್ತಿಲ್ಲ, ಅದು ಅನ್ಯಾಯದ ಮಾತಾಗುತ್ತೆ. ಲ್ಯಾಟಿನೋ ಮತದಾರರಲ್ಲಿ ಅವರು ಮಾಡಿದ ಕೆಲಸ ನಿಜಕ್ಕೂ ದೊಡ್ಡದು, ಅಲ್ಲಿನ ಕಲಿನರಿ ಯೂನಿಯನ್‌ನ ನಾಯಕರು ಸರ್ಕಾರಿ ಆರೋಗ್ಯ ವಿಮೆ ಬಂದ್ರೆ ನಮ್ಮ ಯೂನಿಯನ್ ವಿಮೆ ಹೋಗುತ್ತೆ ಅಂತ ಅವರ ಯೋಜನೆ ವಿರುದ್ಧ ಎಚ್ಚರಿಕೆ ಕೊಟ್ಟಿದ್ರೂ ಕ್ಯಾಸಿನೋ ಕೆಲಸಗಾರರು ದೊಡ್ಡ ಸಂಖ್ಯೆಲಿ ಅವರ ಗುಂಪಲ್ಲೇ ಹೋಗಿ ನಿಂತ್ರು. ಎರಡನೇ ಎಣಿಕೆಲಿ 34 ಇದ್ದಿದ್ದು 40 ಆಯ್ತು ಅಂದ್ರೆ ಬೇರೆಯವರ ಗುಂಪಿಂದ ಕೆಲವರು ಅವರ ಕಡೆ ಬಂದಿದಾರೆ ಅಂತಾನೂ ಅರ್ಥ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ.

ಆದ್ರೆ ಅದರ ಹಿಂದಿನ ದಿನ ಸ್ಯಾಂಡರ್ಸ್ ಟ್ವಿಟರ್‌ನಲ್ಲಿ ಹಾಕಿದ್ದೇನು ಗೊತ್ತಾ? ರಿಪಬ್ಲಿಕನ್ ಎಸ್ಟಾಬ್ಲಿಷ್‌ಮೆಂಟಿಗೂ (ಅಂದ್ರೆ ಪಕ್ಷದ ದೊಡ್ಡೋರಿಗೂ) ಹೇಳ್ತೀನಿ, ಡೆಮಾಕ್ರಟಿಕ್ ಎಸ್ಟಾಬ್ಲಿಷ್‌ಮೆಂಟಿಗೂ ಹೇಳ್ತೀನಿ, ನಮ್ಮನ್ನ ತಡೆಯೋಕೆ ಅವರ ಕೈಲಿ ಆಗಲ್ಲ, ಅನ್ನೋ ಅರ್ಥದ ಮಾತು. ಅವರ ಮೂವತ್ನಾಲ್ಕಕ್ಕೆ ಅದು ರಕ್ತ ಕುದಿಸೋ ಮಾತು. ಉಳಿದ ಅರವತ್ತಾರಲ್ಲಿ ಎಷ್ಟೋ ಜನ ತಮ್ಮನ್ನ ಡೆಮಾಕ್ರಟ್ ಅಂತ ಹೆಮ್ಮೆಯಿಂದ ಹೇಳ್ಕೊಳೋರು, ಐವತ್ತು ವರ್ಷದಿಂದ ಅದೇ ಪಕ್ಷಕ್ಕೆ ವೋಟ್ ಹಾಕ್ತಾ ಬಂದಿರೋರು, ಚರ್ಚಲ್ಲಿ ಯೂನಿಯನ್‌ನಲ್ಲಿ ಪಕ್ಷದ ಕೆಲಸ ಮಾಡಿರೋರು. ಅವರಿಗೆ ಇದು ನಮ್ಮನ್ನೇ ಬೈದ ಹಾಗಾಯ್ತು. ಕೂಟ ಕಟ್ಬೇಕಾದೋರು ಮುಂದಿರೋವಾಗ ದನಿ ತಗ್ಗಿಸ್ಬೇಕು, ನೀವೂ ಬನ್ನಿ ಅನ್ಬೇಕು. ಆ ವಾರ ಸ್ಯಾಂಡರ್ಸ್ ಅದನ್ನ ಮಾಡ್ಲಿಲ್ಲ.

ಆಮೇಲೆ ಆಗಿದ್ದು ಇಷ್ಟು. ಫೆಬ್ರವರಿ 26ಕ್ಕೆ ಸೌತ್ ಕೆರೊಲಿನಾದ ಕಾಂಗ್ರೆಸ್ ಸದಸ್ಯ ಜಿಮ್ ಕ್ಲೈಬರ್ನ್ ಬೈಡನ್‌ಗೆ ಬೆಂಬಲ ಘೋಷಿಸಿದ್ರು. ಆ ರಾಜ್ಯದ ಡೆಮಾಕ್ರಟಿಕ್ ಮತದಾರರಲ್ಲಿ ಅರ್ಧಕ್ಕಿಂತ ಜಾಸ್ತಿ ಕಪ್ಪು ಜನ, ಅವರಲ್ಲಿ ಕ್ಲೈಬರ್ನ್ ಮಾತಿಗೆ ಇರೋ ಬೆಲೆ ಬೇರೆ ಯಾರಿಗೂ ಇಲ್ಲ. 29ಕ್ಕೆ ಬೈಡನ್‌ಗೆ 48% ಮೇಲೆ ಬಂತು, ಸ್ಯಾಂಡರ್ಸ್‌ಗೆ 20%. ಆ ರಾತ್ರಿನೇ ಸ್ಟೇಯರ್ ಹೊರಗೆ, ಮಾರ್ಚ್ 1ಕ್ಕೆ ಬೂಟಿಜೆಜ್ ಹೊರಗೆ, ಮಾರ್ಚ್ 2ಕ್ಕೆ ಕ್ಲೋಬುಚಾರ್ ಹೊರಗೆ, ಅದೇ ಸಂಜೆ ಡಲ್ಲಾಸ್‌ನಲ್ಲಿ ಬೂಟಿಜೆಜ್, ಕ್ಲೋಬುಚಾರ್, ಟೆಕ್ಸಾಸ್‌ನ ಬೆಟೊ ಓರೂರ್ಕ್ ಮೂರೂ ಜನ ಬೈಡನ್ ಹಿಂದೆ. ಮಾರನೇ ದಿನ ಸೂಪರ್ ಟ್ಯೂಸ್‌ಡೇ, ಹದಿನಾಲ್ಕು ರಾಜ್ಯ, ಅದರಲ್ಲಿ ಹತ್ತು ಬೈಡನ್‌ಗೆ. ಮಿನೆಸೋಟಾ ಕ್ಲೋಬುಚಾರ್ ಅವರ ಸ್ವಂತ ರಾಜ್ಯ, ಅವರು ಇನ್ನೂ ಕಣದಲ್ಲಿದ್ದಿದ್ರೆ ಅಲ್ಲಿ ಸ್ಯಾಂಡರ್ಸ್ ಗೆಲ್ಲೋ ಚಾನ್ಸ್ ಚೆನ್ನಾಗಿತ್ತು, ಹಿಂದಿನ ರಾತ್ರಿ ಸ್ಯಾಂಡರ್ಸ್ ಅಲ್ಲೇ ಸಭೆನೂ ಮಾಡಿದ್ರು. ಒಂದೇ ದಿನದಲ್ಲಿ ಬೈಡನ್ 38%, ಸ್ಯಾಂಡರ್ಸ್ 30%. ಎಲಿಜಬೆತ್ ವಾರನ್ ಅವರ ಮ್ಯಾಸಚೂಸೆಟ್ಸ್‌ನಲ್ಲೂ ಬೈಡನ್ ಮೊದಲು, ಸ್ಯಾಂಡರ್ಸ್ ಎರಡನೇದು, ವಾರನ್ ಮೂರನೇದು.

ವರ್ಜೀನಿಯಾ ಫಲಿತಾಂಶವನ್ನ ನಾನು ಯಾವಾಗಲೂ ಬೇರೆಯಾಗಿ ತೋರಿಸ್ತೀನಿ. 2016ರ ಪ್ರೈಮರಿಲಿ ಅಲ್ಲಿ ಸುಮಾರು 7.85 ಲಕ್ಷ ಜನ ಓಟ್ ಹಾಕಿದ್ರು, 2020ರಲ್ಲಿ 13 ಲಕ್ಷ ದಾಟ್ತು. ಸ್ಯಾಂಡರ್ಸ್ ಇಡೀ ಲೆಕ್ಕಾಚಾರ ನಿಂತಿದ್ದೇ ನಾವು ಹೊಸ ಮತದಾರರನ್ನ ಕರ್ಕೊಂಡು ಬರ್ತೀವಿ, ಯುವಕರು ನುಗ್ಗಿ ಬರ್ತಾರೆ ಅನ್ನೋದರ ಮೇಲೆ. ಹೊಸಬರು ಬಂದ್ರು, ಆದ್ರೆ ಬಂದಿದ್ದು ಬಹಳಷ್ಟು ಸಬ್‌ಅರ್ಬ್ ಜನ, ಫೇರ್‌ಫ್ಯಾಕ್ಸ್, ಲೌಡನ್ ಥರದ ಕೌಂಟಿಗಳೋರು, ನಮ್ಮ ಕನ್ನಡದವರೂ ಅಲ್ಲಿ ಸಾಕಷ್ಟಿದಾರೆ, ಟ್ರಂಪ್‌ನ ಸೋಲಿಸೋರು ಯಾರು ಅನ್ನೋ ಒಂದೇ ಪ್ರಶ್ನೆ ಇಟ್ಕೊಂಡು ಬಂದೋರು. ಅವರು ಬೈಡನ್‌ಗೆ ಒತ್ತಿದ್ರು, ರಾಜ್ಯದಲ್ಲಿ ಅವರಿಗೆ 53% ಬಂತು. ಯುವಕರನ್ನ ನಾವು ಅಂದ್ಕೊಂಡಷ್ಟು ಕರೆತರೋಕಾಗಲಿಲ್ಲ ಅಂತ ಸ್ಯಾಂಡರ್ಸ್ ಮಾರನೇ ದಿನ ತಾವೇ ಒಪ್ಕೊಂಡ್ರು, ಆ ಪ್ರಾಮಾಣಿಕತೆಗೆ ಅವರನ್ನ ಮೆಚ್ಚಬೇಕು.

ಇಲ್ಲಿ ಒಂದು ಸಾಮಾನ್ಯ ವಾದ ಇದೆ, ಪಕ್ಷದ ದೊಡ್ಡೋರೆಲ್ಲ ಸೇರಿ ಪಿತೂರಿ ಮಾಡಿ ಸ್ಯಾಂಡರ್ಸ್‌ನ ಕೆಡವಿದ್ರು ಅಂತ. ನಾನು ಒಪ್ಪಲ್ಲ. ಅಭ್ಯರ್ಥಿಗಳು ಮಾತಾಡ್ಕೊಂಡು ಒಬ್ಬರ ಹಿಂದೆ ನಿಲ್ಲೋದು ರಾಜಕೀಯದ ಮಾಮೂಲಿ ಕೆಲಸ, ಕೂಟ ಅಂದ್ರೆ ಅದೇ ತಾನೇ. ಸ್ಯಾಂಡರ್ಸ್‌ಗೂ ಆ ದಾರಿ ಇತ್ತು. ಕ್ಲೈಬರ್ನ್ ಬೆಂಬಲ ನೀವು ಕೇಳಿದ್ರಾ ಅಂತ ಆಮೇಲೆ ಟಿವಿಲಿ ಕೇಳಿದಾಗ ಸ್ಯಾಂಡರ್ಸ್ ಹೇಳಿದ್ದು, ಇಲ್ಲ, ಜಿಮ್ ಒಳ್ಳೇ ಮನುಷ್ಯ, ಆದ್ರೆ ಅವರ ರಾಜಕೀಯ ನಮ್ಮ ರಾಜಕೀಯ ಅಲ್ಲ, ಅವರು ಹೇಗೂ ನನ್ನನ್ನ ಬೆಂಬಲಿಸ್ತಿರಲಿಲ್ಲ ಅಂತ. ಇರಬಹುದು, ಬೆಂಬಲ ಸಿಗ್ತಿರಲಿಲ್ವೇನೋ. ಆದ್ರೆ 2016ರಲ್ಲಿ ಅದೇ ಸೌತ್ ಕೆರೊಲಿನಾದಲ್ಲಿ ಹಿಲರಿ ಕ್ಲಿಂಟನ್ ಎದುರು 73–26ರಲ್ಲಿ ಸೋತ ಮನುಷ್ಯ ಅವರು. ಎಲ್ಲಿ ಪೆಟ್ಟು ಬಿತ್ತು ಅಂತ ಗೊತ್ತಿತ್ತು, ನಾಲ್ಕು ವರ್ಷ ಟೈಮ್ ಇತ್ತು, ದಕ್ಷಿಣದ ವಯಸ್ಸಾದ ಕಪ್ಪು ಮತದಾರರ ಹತ್ರ ಅವರ ಭಾಷೆಲಿ ಮಾತಾಡೋ ನಾಯಕರನ್ನ ಕೇಳದೇ ಇದ್ದಿದ್ದು ಅವರದ್ದೇ ತೀರ್ಮಾನ. ಕೇಳಿ ಇಲ್ಲ ಅನ್ನಿಸ್ಕೊಂಡಿದ್ರೂ ಕ್ಲೈಬರ್ನ್ ಒಂದು ವಾರ ಸುಮ್ಮನಿರೋ ಸಾಧ್ಯತೆ ಇರ್ತಿತ್ತು, ಅಷ್ಟೇ ಸಾಕಿತ್ತು.

ಇನ್ನೊಂದು ವಿಷಯ, ಜನ ಬೇಗ ಮರೆಯೋದು. 2016ರಲ್ಲಿ ಸ್ಯಾಂಡರ್ಸ್ ಮಿಷಿಗನ್ ಗೆದ್ದಿದ್ರು, ಆಗ ಅವರಿಗೆ ಬಿದ್ದ ಗ್ರಾಮೀಣ ಬಿಳಿ ಜನರ ಓಟಲ್ಲಿ ಒಂದು ದೊಡ್ಡ ಪಾಲು ಕ್ಲಿಂಟನ್ ಬೇಡ ಅನ್ನೋ ಓಟು. 2020ರಲ್ಲಿ ಎದುರಿಗೆ ಕ್ಲಿಂಟನ್ ಇರಲಿಲ್ಲ. ಮಾರ್ಚ್ 10ರಂದು ಮಿಷಿಗನ್‌ನ ಪ್ರತಿಯೊಂದು ಕೌಂಟಿನೂ ಬೈಡನ್ ಗೆದ್ರು. ಎದುರಾಳಿ ಮೇಲಿನ ಸಿಟ್ಟಿಂದ ಬಂದ ಓಟು ಎದುರಾಳಿ ಬದಲಾದ ಕೂಡಲೇ ಹೋಗುತ್ತೆ, ಅದನ್ನ ನಮ್ಮ ಕೂಟ ಅಂತ ಎಣಿಸ್ಕೊಂಡ್ರೆ ಕಷ್ಟ.

ಸರಿ, ಹಾಗಾದ್ರೆ ಟ್ರಂಪ್ ಹೇಗೆ ದಾಟಿದ್ರು? ಮೊದಲನೇ ಕಾರಣ ಬರೀ ರೂಲ್ಸು. ಸೌತ್ ಕೆರೊಲಿನಾ, ಫೆಬ್ರವರಿ 20, 2016. ಟ್ರಂಪ್ 32.5%, ರುಬಿಯೋ 22.5%, ಕ್ರೂಜ್ 22.3%. ಡೆಲಿಗೇಟ್ ಎಷ್ಟು ಸಿಕ್ತು? ಐವತ್ತಕ್ಕೆ ಐವತ್ತೂ ಟ್ರಂಪ್‌ಗೇ. ರಿಪಬ್ಲಿಕನ್‌ರ ನಿಯಮದಲ್ಲಿ ಕೆಲವು ರಾಜ್ಯಗಳು ಗೆದ್ದೋರಿಗೇ ಎಲ್ಲ ಕೊಟ್ಬಿಡ್ತವೆ. ಡೆಮಾಕ್ರಟ್‌ಗಳಲ್ಲಿ ಹಾಗಿಲ್ಲ, 15% ದಾಟಿದ ಎಲ್ಲರಿಗೂ ಓಟಿನ ಪ್ರಮಾಣದಲ್ಲಿ ಹಂಚ್ತಾರೆ. ಅದೇ ಓಟು ಡೆಮಾಕ್ರಟ್ ರೂಲ್ ಪ್ರಕಾರ ಲೆಕ್ಕ ಹಾಕಿದ್ರೆ ಟ್ರಂಪ್‌ಗೆ ಸಿಗ್ತಿದ್ದಿದ್ದು ಹೆಚ್ಚುಕಮ್ಮಿ 21, ಉಳಿದಿದ್ದು ಇಬ್ಬರು ಎದುರಾಳಿಗಳಿಗೆ. ಮಾರ್ಚ್ 15ಕ್ಕೆ ಫ್ಲೋರಿಡಾದಲ್ಲಿ 46% ಹತ್ರ ಬಂತು, 99 ಡೆಲಿಗೇಟೂ ಅವರಿಗೇ. ಇನ್ನೊಂದು ಕಡೆ 2020ರಲ್ಲಿ ಸ್ಯಾಂಡರ್ಸ್ ನ್ಯೂ ಹ್ಯಾಂಪ್‌ಶೈರ್ ಗೆದ್ದಾಗ ಅವರಿಗೂ ಎರಡನೇ ಸ್ಥಾನದ ಬೂಟಿಜೆಜ್‌ಗೂ ಸಿಕ್ಕಿದ್ದು ತಲಾ ಒಂಬತ್ತು. ಇಬ್ಬರೂ ಫ್ರಂಟ್‌ರನ್ನರೇ, ಒಬ್ಬರಿಗೆ ಗೆಲುವಿನ ಮೇಲೆ ಬಡ್ಡಿ ಸಿಗ್ತಿತ್ತು, ಇನ್ನೊಬ್ಬರಿಗೆ ಅಸಲು ಮಾತ್ರ.

ಎರಡನೇ ಕಾರಣ ಆ ಎಪ್ಪತ್ತು. ಎಪ್ಪತ್ತು ಪರ್ಸೆಂಟ್ ಜನಕ್ಕೆ ಟ್ರಂಪ್ ಬೇಡ ಅಂತ ಆಗ ದಿನಾ ಬರೀತಿದ್ರು. ಅದು ಪೇಪರ್ ಮೇಲೆ ಮಾತ್ರ ಒಂದು ಮೊತ್ತ. ಕ್ರೂಜ್ ಹಿಂದಿದ್ದೋರು ಕಟ್ಟಾ ಧಾರ್ಮಿಕ ಸಂಪ್ರದಾಯಸ್ಥರು, ಇನ್ನೊಬ್ಬ ಎದುರಾಳಿ ಜಾನ್ ಕೇಸಿಕ್ ಹಿಂದಿದ್ದೋರು ಮಧ್ಯಮ ನಿಲುವಿನ ಓದಿಕೊಂಡೋರು, ಇವರಿಬ್ಬರಿಗೂ ಒಬ್ಬರನ್ನ ಕಂಡ್ರೆ ಇನ್ನೊಬ್ಬರಿಗೆ ಆಗ್ತಿರಲಿಲ್ಲ, ಮತ್ತೆ ಕ್ರೂಜ್ ಬೆಂಬಲಿಗರಲ್ಲಿ ಎಷ್ಟೋ ಜನಕ್ಕೆ ಕ್ರೂಜ್ ಇಲ್ಲಾಂದ್ರೆ ಟ್ರಂಪೇ ಸರಿ. ಹದಿನೇಳು ಜನ ಕಣಕ್ಕೆ ಇಳಿದಿದ್ರು, ಪ್ರತಿಯೊಬ್ಬರೂ ಲೆಕ್ಕ ಹಾಕಿದ್ದು ಒಂದೇ, ಉಳಿದೋರು ಮೊದಲು ಹೋಗ್ಲಿ, ಕೊನೆಗೆ ನಾನು ಟ್ರಂಪ್ ಇಬ್ಬರೇ ಉಳಿದಾಗ ನೋಡ್ಕೋತೀನಿ ಅಂತ. ಕ್ರೂಜ್ ಮತ್ತೆ ಕೇಸಿಕ್ ಒಪ್ಪಂದ ಮಾಡ್ಕೊಂಡಿದ್ದು ಏಪ್ರಿಲ್ ಕೊನೆಗೆ, ಇಂಡಿಯಾನಾ ನಿಂಗೆ, ಒರೆಗಾನ್ ನ್ಯೂ ಮೆಕ್ಸಿಕೋ ನಂಗೆ ಅಂತ, ಅದೂ ಸರಿಯಾಗಿ ನಿಲ್ಲಲಿಲ್ಲ. ಮೇ 3ಕ್ಕೆ ಇಂಡಿಯಾನಾದಲ್ಲಿ ಟ್ರಂಪ್ 53% ತಗೊಂಡ್ರು, ಕಥೆ ಮುಗೀತು. ಡೆಮಾಕ್ರಟ್‌ಗಳು ಮೂರು ದಿನದಲ್ಲಿ ಮಾಡಿದ್ದನ್ನ ಇವರು ಮೂರು ತಿಂಗಳಾದ್ರೂ ಮಾಡೋಕಾಗಲಿಲ್ಲ.

ಆದ್ರೆ ಬರೀ ಅದೃಷ್ಟ ಅಂತ ಬಿಟ್ರೆ ತಪ್ಪಾಗುತ್ತೆ. ಟ್ರಂಪ್ ರಾಜಕೀಯ ಯಾರಿಗೆ ಎಷ್ಟೇ ಇಷ್ಟ ಆಗದೇ ಇರ್ಲಿ, ಅವರ ಮೂವತ್ತು ಬೆಳೀತಾ ಹೋಯ್ತು ಅನ್ನೋದು ವಾಸ್ತವ. ಎದುರಾಳಿ ಆಗಿದ್ದ ಕ್ರಿಸ್ ಕ್ರಿಸ್ಟಿ ಫೆಬ್ರವರಿ 26ಕ್ಕೇ ಬಂದು ಸೇರಿದ್ರು, ಸೆನೆಟರ್ ಜೆಫ್ ಸೆಷನ್ಸ್ ಎರಡು ದಿನ ಆದ್ಮೇಲೆ, ಬೆನ್ ಕಾರ್ಸನ್ ಮಾರ್ಚಲ್ಲಿ. ಏಪ್ರಿಲ್ 19ಕ್ಕೆ ನ್ಯೂಯಾರ್ಕ್‌ನಲ್ಲಿ ಮೊದಲ ಸಲ ಒಂದು ರಾಜ್ಯದಲ್ಲಿ ಅರ್ಧ ದಾಟಿದ್ರು. ನಾಮಿನೇಷನ್ ಖಾತ್ರಿ ಆದ ಮೇಲೆ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿಗೆ ತಾನು ಯಾರನ್ನ ನೇಮಿಸ್ತೀನಿ ಅಂತ ಹನ್ನೊಂದು ಹೆಸರಿನ ಪಟ್ಟಿನೇ ಕೊಟ್ರು, ಆಮೇಲೆ ಮೈಕ್ ಪೆನ್ಸ್‌ನ ಉಪಾಧ್ಯಕ್ಷ ಅಭ್ಯರ್ಥಿಯಾಗಿ ಜೊತೆಗೆ ತಗೊಂಡ್ರು. ಎರಡೂ ಯಾರಿಗೋಸ್ಕರ? ಕ್ರೂಜ್ ಹಿಂದೆ ಹೋಗಿದ್ದ ಆ ಧಾರ್ಮಿಕ ಮತದಾರರಿಗೋಸ್ಕರ. ಈ ಮನುಷ್ಯನ ಜೀವನ ನಮಗೆ ಹಿಡಿಸಲ್ಲ, ಆದ್ರೆ ಜಡ್ಜ್‌ಗಳು ನಮ್ಮೋರೇ ಬರ್ತಾರೆ ಅಂತ ಅವರು ನವೆಂಬರಿನ ಮುಖ್ಯ ಚುನಾವಣೆಲಿ ಗಟ್ಟಿಯಾಗಿ ನಿಂತ್ರು. ಬಾಯಲ್ಲಿ ಎಲ್ಲರನ್ನೂ ಬೈತಿದ್ದ ಟ್ರಂಪ್ ಕೊಡೋ ವಿಷಯಕ್ಕೆ ಬಂದಾಗ ಬರಹದಲ್ಲಿ ಕೊಟ್ರು.

ಕೆಳಗಿನ ಮಟ್ಟದ ಪ್ರೈಮರಿಗಳಿಗೆ ಬಂದ್ರೆ ಇನ್ನೂ ಸ್ಪಷ್ಟವಾಗಿ ಕಾಣುತ್ತೆ, ಮತ್ತೆ ಒಂದು ಉದಾಹರಣೆ ನಮ್ಮ ಚಿಕ್ಕೋಡಿದೇ. ಚಿಕ್ಕೋಡಿಲಿ ಹುಟ್ಟಿ ಬೆಳಗಾವಿಲಿ ಬೆಳೆದ ಶ್ರೀ ಥಾಣೇದಾರ್ 2018ರಲ್ಲಿ ಮಿಷಿಗನ್ ಗವರ್ನರ್ ಪ್ರೈಮರಿಲಿ ಮೂರನೇ ಸ್ಥಾನಕ್ಕೆ ಬಂದು ಸೋತಿದ್ರು. 2022ರಲ್ಲಿ ಡೆಟ್ರಾಯಿಟ್ ಸೇರಿರೋ ಕಾಂಗ್ರೆಸ್ ಕ್ಷೇತ್ರದ ಡೆಮಾಕ್ರಟಿಕ್ ಪ್ರೈಮರಿಲಿ ಅವರಿಗೆ ಬಂದಿದ್ದು 28%, ಎರಡನೇ ಸ್ಥಾನದ ಆಡಮ್ ಹಾಲಿಯರ್‌ಗೆ 23% ಮೇಲೆ. ಗೆದ್ರು. ಕಪ್ಪು ಜನ ದೊಡ್ಡ ಸಂಖ್ಯೆಲಿರೋ ಕ್ಷೇತ್ರ, ಆ ಸಮುದಾಯದ ಹಲವು ಅಭ್ಯರ್ಥಿಗಳು ನಿಂತು ಓಟು ಹಂಚಿಹೋಯ್ತು, ಮಿಷಿಗನ್‌ನಲ್ಲಿ ಎರಡನೇ ಸುತ್ತು ಇಲ್ಲ, ಒಂದೇ ದಿನ, ಯಾರಿಗೆ ಒಂದು ಓಟು ಜಾಸ್ತಿ ಅವರು ಗೆದ್ದ ಹಾಗೆ. ಕ್ಷೇತ್ರ ಡೆಮಾಕ್ರಟ್‌ಗಳ ಭದ್ರಕೋಟೆ ಆಗಿದ್ರಿಂದ ನವೆಂಬರ್ ಬರೀ ಶಾಸ್ತ್ರಕ್ಕೆ. ಹಲವು ದಶಕಗಳಲ್ಲಿ ಮೊದಲ ಸಲ ಡೆಟ್ರಾಯಿಟ್‌ಗೆ ಕಪ್ಪು ಸಮುದಾಯದ ಕಾಂಗ್ರೆಸ್ ಸದಸ್ಯರೇ ಇಲ್ಲದ ಹಾಗಾಯ್ತು, ಅಲ್ಲಿನ ಜನಕ್ಕೆ ಅದು ನೋವಿನ ವಿಷಯ, ಅದನ್ನ ನಾವು ನಮ್ಮೂರಿನ ಹುಡುಗ ಗೆದ್ದ ಅನ್ನೋ ಖುಷಿಲಿ ಮರೀಬಾರದು.

ಅದೇ ಥರದ ಮುನ್ನಡೆ ಟೆಕ್ಸಾಸ್‌ನಲ್ಲಿ ಇಟ್ಕೊಂಡ್ರೆ? ಅಲ್ಲಿ ಅರ್ಧ ದಾಟದಿದ್ರೆ ಮೊದಲ ಇಬ್ಬರ ಮಧ್ಯೆ ರನ್‌ಆಫ್. 2012ರ ಸೆನೆಟ್ ಪ್ರೈಮರಿಲಿ ರಿಪಬ್ಲಿಕನ್ ಲೆಫ್ಟಿನೆಂಟ್ ಗವರ್ನರ್ ಡೇವಿಡ್ ಡ್ಯೂಹರ್ಸ್ಟ್ 44% ಮೇಲೆ ತಗೊಂಡು ಹತ್ತು ಪರ್ಸೆಂಟ್ ಮುಂದಿದ್ರು, ಎರಡನೇದು 34% ಇದ್ದ ಟೆಡ್ ಕ್ರೂಜ್. ಎರಡು ತಿಂಗಳಾದ್ಮೇಲೆ ರನ್‌ಆಫ್‌ನಲ್ಲಿ ಕ್ರೂಜ್ 57% ಹತ್ರ ತಗೊಂಡು ಗೆದ್ರು. ಥಾಣೇದಾರ್‌ಗೆ 28 ಸಾಕಾಯ್ತು, ಡ್ಯೂಹರ್ಸ್ಟ್‌ಗೆ 44 ಸಾಲಲಿಲ್ಲ.

ನ್ಯೂಯಾರ್ಕ್ ಸಿಟಿ ಮೇಯರ್ ಪ್ರೈಮರಿ ನಿಮಗೆ ಹತ್ರದ್ದು, ಅಲ್ಲಿ 2021ರಿಂದ ಮತದಾರರು ಐದು ಜನರವರೆಗೂ ಕ್ರಮವಾಗಿ ಬರೀತಾರೆ. 2021ರಲ್ಲಿ ಎರಿಕ್ ಆಡಮ್ಸ್ ಮೊದಲ ಆಯ್ಕೆಲಿ 31% ಹತ್ರ ಇದ್ರು, ಚೆನ್ನಾಗೇ ಮುಂದಿದ್ರು, ಆದ್ರೆ ಬೇರೆಯವರ ಎರಡನೇ ಆಯ್ಕೆಗಳೆಲ್ಲ ಎಣಿಸ್ತಾ ಎಣಿಸ್ತಾ ಕ್ಯಾಥರಿನ್ ಗಾರ್ಸಿಯಾ ಹತ್ರ ಹತ್ರ ಬಂದು ಕೊನೆಗೆ ಉಳಿದ ಅಂತರ 7,197 ಓಟು ಮಾತ್ರ. 2025ರಲ್ಲಿ ಜೋಹ್ರಾನ್ ಮಮ್ದಾನಿ ಇದರಿಂದ ಪಾಠ ಕಲಿತ ಹಾಗೆ ಇನ್ನೊಬ್ಬ ಅಭ್ಯರ್ಥಿ ಬ್ರಾಡ್ ಲ್ಯಾಂಡರ್ ಜೊತೆ ಬಹಿರಂಗವಾಗಿ ಒಪ್ಪಂದ ಮಾಡ್ಕೊಂಡ್ರು, ನನ್ನ ಬೆಂಬಲಿಗರು ನಿಮ್ಮನ್ನ ಎರಡನೇದಾಗಿ ಬರೀಲಿ, ನಿಮ್ಮೋರು ನನ್ನನ್ನ ಬರೀಲಿ ಅಂತ. ಮೊದಲ ಸುತ್ತಲ್ಲೇ ಮುಖ್ಯ ಎದುರಾಳಿ ಆಂಡ್ರ್ಯೂ ಕ್ಯುಮೊಗಿಂತ ಮುಂದೆ ಬಂದ್ರು, ಕೊನೇ ಎಣಿಕೆಲಿ 56% ಆಯ್ತು. ಎರಡನೇ ಆಯ್ಕೆಗೆ ಬೆಲೆ ಇರೋ ಕಡೆ ಎದುರಾಳಿ ಬೆಂಬಲಿಗರ ಹತ್ರಾನೂ ಮರ್ಯಾದೆಯಿಂದ ಮಾತಾಡ್ಲೇಬೇಕಾಗುತ್ತೆ, ಅದಕ್ಕೇ ನಂಗೆ ಈ ಪದ್ಧತಿ ಇಷ್ಟ.

ಇಲ್ಲಿವರೆಗೂ ಹೇಳಿದ್ದು ಟಿಕೆಟ್ ಗೆಲ್ಲೋ ಕೂಟ. ನವೆಂಬರ್ ಗೆಲ್ಲೋ ಕೂಟ ಇನ್ನೊಂದು, ಅದನ್ನ ಕಟ್ಟೋಕೆ ಸಿಗೋ ಟೈಮು ಸೋತೋರ ಗಾಯ ಎಷ್ಟು ಆಳ ಅನ್ನೋದರ ಮೇಲೆ ನಿಂತಿರುತ್ತೆ. 1972ರಲ್ಲಿ ಜಾರ್ಜ್ ಮೆಕ್‌ಗವರ್ನ್ ಯುದ್ಧ ವಿರೋಧಿ ಯುವಕರನ್ನ ಕಟ್ಕೊಂಡು ಡೆಮಾಕ್ರಟಿಕ್ ಟಿಕೆಟ್ ಗೆದ್ರು, ಕ್ಯಾಲಿಫೋರ್ನಿಯಾದಲ್ಲಿ ಹ್ಯೂಬರ್ಟ್ ಹಂಫ್ರಿ ಜೊತೆ ನಡೆದ ಜಗಳ ಸಮಾವೇಶದ ತನಕ ಹೋಯ್ತು, ಕಾರ್ಮಿಕ ಸಂಘಗಳ ಮಹಾ ಒಕ್ಕೂಟ ಅವರನ್ನ ಬೆಂಬಲಿಸೋಕೇ ಒಪ್ಪಲಿಲ್ಲ. ಐವತ್ತು ರಾಜ್ಯದಲ್ಲಿ ಅವರಿಗೆ ಸಿಕ್ಕಿದ್ದು ಮ್ಯಾಸಚೂಸೆಟ್ಸ್ ಒಂದೇ, ಜೊತೆಗೆ ವಾಷಿಂಗ್ಟನ್ ಡಿಸಿ. ಇದಕ್ಕೆ ತದ್ವಿರುದ್ಧ 2008. ಒಬಾಮ ಕ್ಲಿಂಟನ್ ಜಗಳ ಜೂನ್‌ವರೆಗೂ ನಡೀತು, ಮುಗಿದ ಕೆಲವೇ ವಾರಕ್ಕೆ ಇಬ್ಬರೂ ನ್ಯೂ ಹ್ಯಾಂಪ್‌ಶೈರ್‌ನ ಯೂನಿಟಿ ಅನ್ನೋ ಪುಟ್ಟ ಊರಲ್ಲಿ ಒಂದೇ ವೇದಿಕೆ ಮೇಲೆ ನಿಂತ್ರು, ಪ್ರೈಮರಿಲಿ ಆ ಊರಲ್ಲಿ ಇಬ್ಬರಿಗೂ ತಲಾ 107 ಓಟು ಬಿದ್ದಿತ್ತು. ಗೆದ್ದ ಮೇಲೆ ಕ್ಲಿಂಟನ್‌ಗೆ ವಿದೇಶಾಂಗ ಖಾತೆ.

ಬೈಡನ್ ಕೂಡ 2020ರಲ್ಲಿ ಇದನ್ನ ಮನಸ್ಸಿಟ್ಟು ಮಾಡಿದ್ರು. ಸ್ಯಾಂಡರ್ಸ್ ಏಪ್ರಿಲ್ 8ಕ್ಕೆ ಹಿಂದೆ ಸರಿದ್ರು, ಮಾರನೇ ದಿನವೇ ಬೈಡನ್ ಮೆಡಿಕೇರ್ (ವಯಸ್ಸಾದೋರಿಗೆ ಇರೋ ಸರ್ಕಾರಿ ಆರೋಗ್ಯ ವಿಮೆ) ವಯಸ್ಸನ್ನ 65ರಿಂದ 60ಕ್ಕೆ ಇಳಿಸೋ ಪ್ರಸ್ತಾಪ ಇಟ್ರು. ಆಮೇಲೆ ಎರಡೂ ಕಡೆಯವರನ್ನ ಸೇರಿಸಿ ಆರು ಟಾಸ್ಕ್ ಫೋರ್ಸ್ ಮಾಡಿದ್ರು. ಆರೋಗ್ಯದ್ದಕ್ಕೆ ಸ್ಯಾಂಡರ್ಸ್ ಕಡೆಯಿಂದ ಪ್ರಮೀಳಾ ಜಯಪಾಲ್, ಬೈಡನ್ ಕಡೆಯಿಂದ ಡಾಕ್ಟರ್ ವಿವೇಕ್ ಮೂರ್ತಿ, ಮಂಡ್ಯದ ಹಲ್ಲೇಗೆರೆ ಮನೆತನದೋರು, ಇಬ್ಬರೂ ಸಹ ಅಧ್ಯಕ್ಷರು. ಎಲ್ಲರಿಗೂ ಒಂದೇ ಸರ್ಕಾರಿ ವಿಮೆ ಅನ್ನೋ ಸ್ಯಾಂಡರ್ಸ್ ಬೇಡಿಕೆಗೆ ಬೈಡನ್ ಒಪ್ಪಲಿಲ್ಲ, ಬೇಕಾದೋರು ಸೇರ್ಕೊಳೋ ಸರ್ಕಾರಿ ವಿಮೆ ಅನ್ನೋ ಜಾಗದಲ್ಲಿ ರಾಜಿ ಆಯ್ತು. ಜಯಪಾಲ್ ಕೇಳಿದ್ದೆಲ್ಲ ಸಿಗಲಿಲ್ಲ, ಆದ್ರೆ ಮೇಜಿನ ಹತ್ರ ಕುರ್ಚಿ ಸಿಕ್ತು, ಬರಹದಲ್ಲಿ ಏನೋ ಸಿಕ್ತು, 2016ರಲ್ಲಿ ಮುನಿಸ್ಕೊಂಡು ಮನೇಲಿ ಕೂತೋರಲ್ಲಿ ಎಷ್ಟೋ ಜನ ಈ ಸಲ ಬಂದು ಓಟ್ ಹಾಕಿದ್ರು.

ನಿಮ್ಮ ರಾಜ್ಯದ್ದೇ ಹೊಸ ಉದಾಹರಣೆ ಇದೆ ನೋಡಿ. 2025ರ ಜೂನ್ 10ರ ಗವರ್ನರ್ ಪ್ರೈಮರಿಲಿ ಆರು ಜನ ಡೆಮಾಕ್ರಟ್‌ಗಳು ನಿಂತಿದ್ರು, ಮಿಕಿ ಶೆರಿಲ್ ಗೆದ್ದಿದ್ದು 34%ಗೆ, ನೆವಾಡಾದಲ್ಲಿ ಸ್ಯಾಂಡರ್ಸ್‌ಗೆ ಮೊದಲ ಎಣಿಕೆಲಿ ಬಂದಷ್ಟೇ. ಎರಡನೇ ಸ್ಥಾನದ ರಾಸ್ ಬರಾಕಾ ಅವರಿಗಿಂತ ತುಂಬಾ ಎಡಕ್ಕಿದ್ದೋರು, ಆ ಓಟು ನವೆಂಬರಲ್ಲಿ ಬರುತ್ತಾ ಅಂತ ಅನುಮಾನ ಇತ್ತು. ಬಂತು, ಭರ್ಜರಿ ಅಂತರದಲ್ಲಿ ಗೆದ್ರು. ಯಾಕೆ? ಪ್ರೈಮರಿಲಿ ಅವರು ಎದುರಾಳಿ ಮತದಾರರನ್ನ ಅವಮಾನ ಮಾಡಿರಲಿಲ್ಲ, ಮತ್ತೆ ಟ್ರಂಪ್ ಸರ್ಕಾರದ ಮೇಲಿನ ಸಿಟ್ಟು ಉಳಿದ ಕೆಲಸ ಮಾಡ್ತು.

ಹಾಗಾಗಿ ಮುಂದಿನ ಸಲ ಟಿವಿಲಿ ಫ್ರಂಟ್‌ರನ್ನರ್ ಅನ್ನೋ ಮಾತು ಬಂದಾಗ ಮೊದಲು ಆ ರಾಜ್ಯದ ರೂಲ್ ಏನು ಅಂತ ಹುಡುಕಿ, ಆಮೇಲೆ ಕಣದಿಂದ ಹೊರಗೆ ಹೋಗೋ ಮೊದಲ ಒಂದಿಬ್ಬರು ಯಾರ ಪಕ್ಕ ಹೋಗಿ ನಿಲ್ತಾರೆ ನೋಡಿ. ಎರಡನೇ ಆಯ್ಕೆ ಯಾರು ಅಂತ ಕೇಳೋ ಪೋಲ್‌ಗಳನ್ನ ಪೂರ್ತಿ ನಂಬಬೇಡಿ, 2020ರ ಪೋಲ್‌ಗಳಲ್ಲಿ ಬೈಡನ್ ಬೆಂಬಲಿಗರು ಎಷ್ಟೋ ಜನ ಎರಡನೇ ಆಯ್ಕೆ ಸ್ಯಾಂಡರ್ಸ್ ಅಂತಾನೇ ಹೇಳ್ತಿದ್ರು, ಯಾಕಂದ್ರೆ ಕೇಳಿ ಗೊತ್ತಿರೋ ಹೆಸರು ಅದು, ನಿಜವಾಗಿ ಇಬ್ಬರೇ ಉಳಿದಾಗ ಜನ ಬೇರೆ ಥರ ಯೋಚಿಸಿದ್ರು. ಪ್ರೆಸಿಡೆಂಟ್ ಪ್ರೈಮರಿ ವಿಷಯಕ್ಕೆ ಬಂದ್ರೆ ನ್ಯೂಜೆರ್ಸಿ ಸರದಿ ಜೂನ್‌ನಲ್ಲಿ, ಅಷ್ಟೊತ್ತಿಗೆ ಸಾಮಾನ್ಯವಾಗಿ ಎಲ್ಲ ತೀರ್ಮಾನ ಆಗಿರುತ್ತೆ, ಆದ್ರೆ ಗವರ್ನರ್, ಕಾಂಗ್ರೆಸ್, ಅಸೆಂಬ್ಲಿ ಪ್ರೈಮರಿಗಳಲ್ಲಿ ನಿಮ್ಮ ಒಂದು ಓಟಿಗೆ ತುಂಬಾ ತೂಕ ಇದೆ, ಅದನ್ನ ತಪ್ಪಿಸ್ಬೇಡಿ. ರಿಜಿಸ್ಟರ್ ಮಾಡಿಸುವಾಗ ಪಕ್ಷ ಅಂತ ಏನೂ ಬರೆಸದಿದ್ರೆ ಪ್ರೈಮರಿ ದಿನ ಬೂತಲ್ಲೇ ಪಕ್ಷ ಹೇಳಿ ಓಟ್ ಹಾಕಬಹುದು, ಒಂದು ಪಕ್ಷ ಬರೆಸಿಬಿಟ್ಟಿದ್ದು ಆಮೇಲೆ ಇನ್ನೊಂದಕ್ಕೆ ಬದಲಾಯಿಸ್ಬೇಕು ಅಂದ್ರೆ ಅದಕ್ಕೆ ವಾರಗಳ ಮೊದಲೇ ಗಡುವು ಇರುತ್ತೆ, ಕೌಂಟಿ ಆಫೀಸಲ್ಲಿ ಈಗಲೇ ಕೇಳಿ ಇಟ್ಕೊಳಿ.